ರೇಷ್ಮೆ ಎತ್ತುವ ಹೊತ್ತು

ಕುದಿಯುವ ಸೋಪಿನ ನೀರಿನಲ್ಲಿ ಮುಳುಗಿರುವ ರೇಷ್ಮೆಯನ್ನು ಯಾವ ಗಳಿಗೆಯಲ್ಲಿ ಮೇಲಕ್ಕೆತ್ತಬೇಕೆಂಬುದು ಒಬ್ಬ ಮನುಷ್ಯನಿಗೆ ಹೇಗೆ ತಿಳಿಯುತ್ತದೆ?

ಈ ಪ್ರಶ್ನೆಯನ್ನು ಭೂಪತಿ ತನ್ನ ನೋಟ್‌ಬುಕ್ಕಿನ ಮೊದಲ ಪುಟದ ತಲೆಯಲ್ಲಿ ಬರೆದು, ಅದರ ಕೆಳಗೆ ನಾಲ್ಕು ಬೆರಳಷ್ಟು ಜಾಗ ಬಿಟ್ಟಿದ್ದ, ಉತ್ತರ ಸಿಕ್ಕ ದಿನ ತುಂಬಿಸಬೇಕೆಂದು. ಮಾತು ಕನ್ನಡದ್ದು, ಅಕ್ಷರ ತಮಿಳಿನದು. ತಲೆಮಾರುಗಳಿಂದ ತಮಿಳುನಾಡಿನಲ್ಲೇ ನೆಲೆಸಿದ ಅವರ ಬಳಗದಲ್ಲಿ ಕನ್ನಡದ ಅಕ್ಷರ ಬಲ್ಲವರು ಯಾರೂ ಇರಲಿಲ್ಲ. ಹದಿನಾಲ್ಕು ಪುಟ ತುಂಬಿದ ಮೇಲೂ ಆ ಜಾಗ ಮಾತ್ರ ಖಾಲಿಯಾಗಿಯೇ ಉಳಿದಿತ್ತು. ನೇಕಾರರ ಸೊಸೈಟಿಯವರು ನೋಡಲು ಬರುವ ಸೋಮವಾರಕ್ಕೆ ಇನ್ನು ಒಂಬತ್ತು ದಿನವಿತ್ತು.

ಭೂಪತಿಗೆ ನಲವತ್ತೈದು ವರ್ಷ. ಕಡಯಂಪಟ್ಟಿಯ ಶಾಲೆಯಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು. ರಜೆ ಬಂದರೆ ಸ್ಕೂಟರ್ ಹತ್ತಿ ತಾರಮಂಗಲಕ್ಕೆ, ತಾಯಿಯ ತಂಗಿ ಕಾಳಿಯಮ್ಮನ ಮನೆಗೆ ಹೋಗುತ್ತಿದ್ದ. ಆ ಮನೆಯ ಹಿತ್ತಲಲ್ಲಿ ತಗಡಿನ ಮಾಡು, ಎರಡು ಒಲೆ, ಎರಡು ದೊಡ್ಡ ಅಂಡೆ. ಕಾಳಿಯಮ್ಮನ ಗಂಡ ಮುನುಸ್ವಾಮಿ ಐವತ್ತು ವರ್ಷದಿಂದ ಅಲ್ಲಿ ರೇಷ್ಮೆ ಬೇಯಿಸುತ್ತಿದ್ದ. ಮದುಮಗ ಉಡುವ ಬಿಳಿ ರೇಷ್ಮೆ ಪಂಚೆಗೆ ಬೇಕಾದ ನೂಲು ಅದು. ಹುಳು ಬಿಟ್ಟ ಅಂಟು ಎಳೆಗೆ ಕಚ್ಚಿಕೊಂಡಿರುತ್ತದೆ. ಸೋಪು, ಸೋಡಾ ಹಾಕಿದ ನೀರಿನಲ್ಲಿ ಬೇಯಿಸಿದರೆ ಆ ಅಂಟು ಕರಗುತ್ತದೆ. ಸ್ವಲ್ಪ ಮೊದಲೇ ಎತ್ತಿದರೆ ಅಂಟು ಉಳಿದು, ನೇಯ್ದ ಪಂಚೆಯಲ್ಲಿ ತಿಂಗಳು ಕಳೆಯುವಷ್ಟರಲ್ಲಿ ಹಳದಿ ಗೆರೆ ಏಳುತ್ತದೆ. ಸ್ವಲ್ಪ ತಡವಾದರೆ ಎಳೆ ಸೀಳಿ, ಬೆಕ್ಕಿನ ಬಾಲದ ಹಾಗೆ ಜೂಲೆದ್ದು, ಮಗ್ಗದ ಮೇಲೆ ಪಟಪಟನೆ ಹರಿಯುತ್ತದೆ. ಈ ಎರಡು ತಪ್ಪುಗಳ ನಡುವಿನ ಅಂತರ ಕೆಲವು ದಿನ ಹತ್ತು ನಿಮಿಷ, ಕೆಲವು ದಿನ ಎರಡೇ ನಿಮಿಷ.

"ಎಂಗೆ ಗೊತ್ತಾಯ್ತದೆ ಚಿಕ್ಕಯ್ಯ, ಸರಿಯಾಗಿ ಯೋಚ್ನೆ ಮಾಡಿ ಏಳು," ಎಂದು ಭೂಪತಿ ಪ್ರತಿಸಲವೂ ಕೇಳುತ್ತಿದ್ದ.

"ಬೆಂದ್ರೆ ಬೆಂತು ಅಂತ ಗೊತ್ತಾಯ್ತದೆ ಕಣ್ಲಾ. ನಿನ್ ಎಂಡ್ತಿ ಸಾಂಬಾರು ಇಳಿಸೋವಾಗ ಥರ್ಮಾಮೀಟರ್ ಇಕ್ತಾಳಾ?"

"ಸಾಂಬಾರು ಕೆಟ್ರೆ ಸೊಸೈಟಿ ಸೆಕ್ರೆಟರಿ ಮನೆ ಬಾಗಿಲಿಗೆ ಬರಲ್ಲ."

"ಅವಳ ಸಾಂಬಾರು ತಿಂದಿವ್ನಿ. ಬಂದ್ರೂ ತಪ್ಪಿಲ್ಲ."

ಹೀಗೆ ಪ್ರಶ್ನೆ ನಗುವಿನಲ್ಲಿ ಕೊಚ್ಚಿ ಹೋಗುತ್ತಿತ್ತು. ಆದರೆ ಆ ಆಡಿ ತಿಂಗಳಲ್ಲಿ, ಅಂದರೆ ಆಷಾಢದಲ್ಲಿ, ನಗುವ ಪರಿಸ್ಥಿತಿ ಇರಲಿಲ್ಲ. ಮುನುಸ್ವಾಮಿಗೆ ಎಪ್ಪತ್ತೊಂದು. ಹಳೆಯ ಸಕ್ಕರೆ ಕಾಯಿಲೆ ಬಲಗಾಲಿಗೆ ಇಳಿದು, ಎರಡು ಬೆರಳು ಕಪ್ಪಾಗಿದ್ದವು. ಅವನ್ನು ತೆಗೆಯಲೇಬೇಕೆಂದು ಸೇಲಂನ ಆಸ್ಪತ್ರೆಯಲ್ಲಿ ದಿನ ಗೊತ್ತುಮಾಡಿದ್ದರು. ಇನ್ನು ಒಲೆಯ ಮುಂದೆ ನಿಲ್ಲುವುದು ಸಾಧ್ಯವಿರಲಿಲ್ಲ. ಮಗ ಧನಶೇಖರ್ ಒಳ್ಳೆಯ ನೇಯ್ಗೆಗಾರ, ಆದರೆ ಸೋಡಾ ನೀರು ತಾಕಿದರೆ ಅವನ ಕೈ ಚರ್ಮ ಸುಲಿದು ಬರುತ್ತಿತ್ತು. ಉಳಿದವಳು ಸೊಸೆ ಶರಣ್ಯ. ಬಿ.ಕಾಂ. ಓದಿದವಳು, ಮನೆಯಲ್ಲೂ ಅರ್ಧ ತಮಿಳಿನಲ್ಲೇ ಮಾತಾಡುವವಳು. ಎರಡು ವರ್ಷದಿಂದ ಮಾವನ ಪಕ್ಕದಲ್ಲಿ ನಿಂತು ಕಟ್ಟಿಗೆ ನೂಕುತ್ತಿದ್ದಳು, ಕೋಲು ತಿರುಗಿಸುತ್ತಿದ್ದಳು. ಎತ್ತುವ ಹೊತ್ತನ್ನು ಮಾತ್ರ ಒಮ್ಮೆಯೂ ತಾನಾಗಿ ಹೇಳಿದವಳಲ್ಲ.

ನೇಕಾರರ ಸೊಸೈಟಿಯ ಸೆಕ್ರೆಟರಿ ಮುತ್ತುಸ್ವಾಮಿ ಮನೆಗೇ ಬಂದು, ಜಗುಲಿಯ ಮೇಲೆ ಕೂತು, ಮೆತ್ತಗೆ ಹೇಳಿ ಹೋಗಿದ್ದ: "ಮುಂದಿನ ತಿಂಗಳು ಆವಣಿ ಮದುವೆಗಳಿಗೆ ಆರು ಕಿಲೋ ನೂಲು ಬೇಕು. ಎರಡು ವಾರ ಬಿಟ್ಟು ಸೋಮವಾರ ಆ ಹುಡುಗಿ ಬೇಯಿಸ್ಲಿ, ನಾನೇ ಬಂದು ನೋಡ್ತೀನಿ. ಸರಿ ಬಂದ್ರೆ ಕೆಲಸ ಈ ಮನೇಲೇ ಇರ್ತದೆ. ಕೆಟ್ರೆ ಮುಂದಿನ ನೂಲು ಮೆಷಿನ್ ಯೂನಿಟ್ಟಿಗೆ ಓಯ್ತದೆ. ಎನ್ನ ಪಣ್ಣಲಾಂ, ನಾನೇನು ಮಾಡ್ಲಿ, ಮೇಲಿನವ್ರು ಅಂಗೇ ಏಳ್ತಾವ್ರೆ."

ಅವನು ಹೋದ ಮೇಲೆ ಶರಣ್ಯ ಭೂಪತಿಯ ಕಡೆ ತಿರುಗಿದಳು. "ಬಾವ, ನೀವು ಸೈನ್ಸ್ ಓದಿದವ್ರು. ಮಾಮ ಏನು ಮಾಡ್ತಾರೋ ಅದನ್ನ ಒಂದು ಪೇಪರಲ್ಲಿ ಬರೆದುಕೊಡಿ. ನಾನು ಮನಪ್ಪಾಡ ಮಾಡಿ ಬಾಯಿಪಾಠ ಒಪ್ಪಿಸ್ತೀನಿ."

ಭೂಪತಿ ಒಪ್ಪಿಕೊಂಡ. ಹಾಳೆ ತಪ್ಪಿದರೆ ಒಲೆ ಆರುತ್ತದೆ, ಮತ್ತು ಅದು ಅವನ ಕೈಬರಹದಿಂದ ಆರಿದಂತಾಗುತ್ತದೆ.

ಅವನು ಹನ್ನೊಂದು ಅಂಡೆ ಬೇಯುವುದನ್ನು ಕೂತು ನೋಡಿದ. ಬೆಳಿಗ್ಗೆ ಏಳಕ್ಕೆ ಬಂದು, ಥರ್ಮಾಮೀಟರು ಕಟ್ಟಿ, ಗಡಿಯಾರ ಮುಂದಿಟ್ಟುಕೊಂಡು, ನೀರಿನ ಕ್ಷಾರಕ್ಕೆ ಬಣ್ಣದ ಕಾಗದ ಅದ್ದಿ ಅಂಕಿಗಳನ್ನು ಗುರುತು ಹಾಕಿಕೊಂಡ. ಮುನುಸ್ವಾಮಿ ಒಂದು ದಿನ ಮೂವತ್ತೆಂಟನೇ ನಿಮಿಷಕ್ಕೆ ಎತ್ತಿದ. ಇನ್ನೊಂದು ದಿನ ಅರವತ್ತಾರಕ್ಕೆ. ಒಂದು ದಿನ ನೀರು ಎಂಬತ್ತೊಂಬತ್ತು ಡಿಗ್ರಿ, ಮತ್ತೊಂದು ದಿನ ತೊಂಬತ್ತಾರು. ಹಾಗಿದ್ದೂ ಒಣಗಿಸಿ ತೂಗಿದರೆ ಪ್ರತಿಸಲವೂ ಇಳಿದ ತೂಕ ಒಂದೇ: ನಾಲ್ಕರಲ್ಲಿ ಒಂದು ಪಾಲಿಗೆ ಕೂದಲೆಳೆಯಷ್ಟು ಕಡಿಮೆ. ಭೂಪತಿ ಬೋರಿನ ನೀರನ್ನೂ ಟ್ಯಾಂಕರ್ ನೀರನ್ನೂ ಬಾಟಲಿಯಲ್ಲಿ ಶಾಲೆಯ ಪ್ರಯೋಗಾಲಯಕ್ಕೆ ಒಯ್ದು ಗಡಸುತನ ಅಳೆದ. ಅದು ವ್ಯತ್ಯಾಸದ ಅರ್ಧವನ್ನು ವಿವರಿಸಿತು. ಇನ್ನರ್ಧ ಎಲ್ಲಿದೆ ಎಂಬುದು ಅವನಿಗೆ ಸಿಗಲಿಲ್ಲ. ಮುದುಕ ಏನನ್ನೋ ಅಳೆಯುತ್ತಿದ್ದಾನೆ, ಅದರಲ್ಲಿ ಸಂಶಯವಿಲ್ಲ. ಆದರೆ ಯಾವುದರಿಂದ ಅಳೆಯುತ್ತಿದ್ದಾನೆ?

ನೋಡುತ್ತ ಕೂತವನಿಗೆ ಮುನುಸ್ವಾಮಿಯ ಕಥೆಯೂ ತುಂಡು ತುಂಡಾಗಿ ಸಿಕ್ಕಿತು. ಪಾಪಿರೆಡ್ಡಿಪಟ್ಟಿಯ ಕಡೆ ಬೇರೆಯವರ ಮರಗೆಣಸಿನ ಹೊಲದಲ್ಲಿ ಕೂಲಿ ಮಾಡುತ್ತಿದ್ದವರ ಮಗ. ಹದಿನಾರನೇ ವಯಸ್ಸಿಗೆ ತಾರಮಂಗಲಕ್ಕೆ ಬಂದು ಪೆರುಮಾಳ್ ಮೇಸ್ತ್ರಿ ಎಂಬವನ ಅಂಡೆಗೆ ನೀರು ಹೊರತೊಡಗಿದ. ಮೇಸ್ತ್ರಿ ಮಾತಿನಲ್ಲಿ ಏನನ್ನೂ ಹೇಳಿಕೊಡಲಿಲ್ಲ. ಮೂರು ವರ್ಷ ನೀರು, ಕಟ್ಟಿಗೆ, ಬೂದಿ. ನಾಲ್ಕನೇ ವರ್ಷ ಮೊದಲ ಸಲ ಎತ್ತುವ ಹೊತ್ತನ್ನು ಅವನಿಗೇ ಬಿಟ್ಟ. ಮುನುಸ್ವಾಮಿ ತಡಮಾಡಿದ, ಇಡೀ ನೂಲು ಜೂಲೆದ್ದಿತು.

"ಮೇಸ್ತ್ರಿ ನಿಮ್ಗೆ ಒಡೆದ್ನಾ?" ಎಂದು ಶರಣ್ಯ ಕೇಳಿದಳು.

"ಒಡೆದಿದ್ರೆ ಸುಖವಾಗಿರ್ತಿತ್ತು. ಕೆಟ್ಟ ನೂಲಲ್ಲಿ ಒಂದು ಇಡಿ ತಗಂಡು ನನ್ ಮಣಿಕಟ್ಟಿಗೆ ಕಟ್ಟಿಬುಟ್ಟ. ಒಂದು ತಿಂಗಳು ಬಿಚ್ಚಂಗಿಲ್ಲ. ಉಣ್ಣೋವಾಗ, ನೀರು ಉಯ್ಕೊಳ್ಳೋವಾಗ, ಮನಗೋವಾಗ ಅದೇ ನೂಲು ಕೈಗೆ ಉಜ್ಜತಾ ಇರ್ತದೆ. ಒಲೆ ಮುಂದೆ ನಿಂತ್ರೆ, ಈ ಕೈಯಲ್ಲಿ ಒಳ್ಳೇದು, ಆ ಕೈಯಲ್ಲಿ ಕೆಟ್ಟದ್ದು."

ಆಮೇಲೆ ಇನ್ನೆರಡು ಸಲ ಕೆಡಿಸಿದ, ಇನ್ನೆರಡು ತಿಂಗಳು ಕಟ್ಟಿಕೊಂಡು ತಿರುಗಿದ. ಅನಂತರ ಕೆಟ್ಟದ್ದಿಲ್ಲ. ಪ್ರತಿಸಲ ರೇಷ್ಮೆ ಎತ್ತಿದ ಮೇಲೆ ಅವನು ಒಗೆಯುವ ಕಲ್ಲಿನ ಮೇಲೆ ಒಂದು ಬೀಡಿಯಷ್ಟು ಹೊತ್ತು ಸುಮ್ಮನೆ ಕೂರುತ್ತಿದ್ದ. ಬೀಡಿ ಬಿಟ್ಟ ಮೇಲೂ ಅಷ್ಟೇ ಹೊತ್ತು. ಯಾರೂ ಮಾತಾಡಿಸುವಂತಿರಲಿಲ್ಲ. ಇವತ್ತು ಎಲ್ಲಿ ಆತುರಪಟ್ಟೆ, ಎಲ್ಲಿ ತಡಮಾಡಿದೆ ಎಂದು ಆಗಿಹೋದದ್ದನ್ನು ಮತ್ತೊಮ್ಮೆ ಬೇಯಿಸಿ ನೋಡುವ ಹೊತ್ತಂತೆ ಅದು. ಐವತ್ತು ವರ್ಷದ ಮೇಲೂ ಅವನ ಮುಖದಲ್ಲಿ ಆಗ ಕಾಣುತ್ತಿದ್ದುದು ಸಮಾಧಾನವಲ್ಲ, ಕಳವಳ. ಭೂಪತಿ ಇದನ್ನು ಗೌರವದಿಂದ ಬರೆದುಕೊಂಡ.

ಬರೆದುಕೊಳ್ಳದೆ ಬಿಟ್ಟದ್ದೂ ಒಂದಿತ್ತು. ಎತ್ತುವ ಹೊತ್ತು ಹತ್ತಿರವಾದಾಗ ಮುನುಸ್ವಾಮಿ ಕೋಲಿಗೆ ನೇತುಬಿಟ್ಟ ನೂಲಿನ ಲಡಿಯೊಂದರ ತುದಿಯನ್ನು ಹೊರಗೆಳೆದು, ತಣ್ಣೀರಿಗೆ ಅದ್ದಿ, ಹಿಂಡಿ, ಬೆರಳುಗಳ ನಡುವೆ ಉಜ್ಜುತ್ತಿದ್ದ. ಆಮೇಲೆ ಅದನ್ನು ಮುಚ್ಚಿದ ಕಣ್ಣುಗಳಿಗೆ ಒತ್ತಿಕೊಂಡು, ಗೋಡೆಯ ಮೇಲಿನ ಚೌಡಮ್ಮನ ಪಟದ ಕಡೆ ತಲೆ ಬಾಗಿಸುತ್ತಿದ್ದ. ಒಮ್ಮೆಯಲ್ಲ, ಮೂರು ನಾಲ್ಕು ಸಲ.

"ಚಿಕ್ಕಯ್ಯನಿಗೆ ಈ ಭಕ್ತಿ ಎಲ್ಲಿಂದ ಬಂತು ಚಿಕ್ಕಮ್ಮ?" ಎಂದು ಭೂಪತಿ ಒಳಗೆ ಹೋಗಿ ಕೇಳಿದ್ದ.

ಕಾಳಿಯಮ್ಮ ನಕ್ಕಿದ್ದಳು. "ವಯಸ್ಸಾಯ್ತಲ್ಲಪ್ಪ. ಮುಂಚೆ ಗುಡೀಗೆ ಕರೆದ್ರೆ ಹೊಟ್ಟೆನೋವು ಅನ್ನೋ ಆಸಾಮಿ. ಏಳೆಂಟು ವರ್ಷದಿಂದ ಇಂಗೆ. ಅಂಗಿ ಗುಂಡಿ ಆಕ್ಕೊಳ್ಳಕ್ಕೆ ಮಾತ್ರ ನಾನೇ ಬೇಕು. ದೇವ್ರ ಮೇಲೆ ಭಕ್ತಿ, ನನ್ ಮೇಲೆ ಸೋಮಾರಿತನ."

ಭೂಪತಿ ಹಾಳೆ ಬರೆಯುವಾಗ ಪ್ರತಿ ಹಂತವನ್ನೂ ಸೋಸಿದ. ಯಾವುದು ಕೆಲಸ, ಯಾವುದು ರೂಢಿ? ಲಡಿ ತಿರುಗಿಸುವುದು ಕೆಲಸ. ತಣ್ಣೀರಿಗೆ ಅದ್ದುವುದು ಕೆಲಸ. ಬೆರಳಲ್ಲಿ ಉಜ್ಜುವುದು ಮುಖ್ಯ ಕೆಲಸ, ಅಲ್ಲಿಯೇ ಗುಟ್ಟಿರಬೇಕು. ಅದರ ಕೆಳಗೆ ಎರಡು ಗೆರೆ ಎಳೆದ. ಕಣ್ಣಿಗೊತ್ತಿಕೊಳ್ಳುವುದು ಪ್ರಾರ್ಥನೆ, ಪ್ರಾರ್ಥನೆಯಿಂದ ಅಂಟು ಕರಗುವುದಿಲ್ಲ. ಬಿಟ್ಟ.

ಗುರುವಾರ ಆ ಹಾಳೆಯನ್ನೇ ಹಿಡಿದು ಅರ್ಧ ಕಿಲೋ ನೂಲನ್ನು ತಾನೇ ಬೇಯಿಸಿ ನೋಡಿದ. ಬೆರಳಲ್ಲಿ ಉಜ್ಜಿದ, ಗಡಿಯಾರ ನೋಡಿದ, ಜಾರುತ್ತಿದೆಯೋ ಇಲ್ಲವೋ ಎಂದು ಮತ್ತೆ ಉಜ್ಜಿದ. ಬಿಸಿನೀರಿನಲ್ಲಿ ನೆಂದು ನೆರಿಗೆಗಟ್ಟಿದ ಬೆರಳಿಗೆ ಎಲ್ಲವೂ ಒಂದೇ ಥರ. ಎತ್ತಿ ಒಣಗಿಸಿದಾಗ ನೂಲು ಜೂಲೆದ್ದಿತ್ತು. ಮುನುಸ್ವಾಮಿ ಕುಂಟುತ್ತ ಬಂದು, ಒಂದು ಹಿಡಿ ಕಿತ್ತು ಅವನ ಮಣಿಕಟ್ಟಿಗೆ ಕಟ್ಟಿದ. ಗಂಟು ಹಾಕಲು ತುಂಬ ಹೊತ್ತು ತೆಗೆದುಕೊಂಡ. ಗಂಟು ಮೂರು ಸಲ ಜಾರಿತು. ವಯಸ್ಸಾಯಿತಲ್ಲ ಎಂದು ಭೂಪತಿ ಅಂದುಕೊಂಡ.

"ಶಾಲೇಲಿ ಕೇಳಿದ್ರೆ ಏನಂತ ಏಳ್ಲಿ?"

"ಪೇಲಾಗಿವ್ನಿ ಅಂತ ಏಳು. ಮಕ್ಕಳು ಕುಶಿ ಪಡ್ತಾವೆ."

ಮಕ್ಕಳು ಕೇಳಲಿಲ್ಲ, ಯಾವ ಹರಕೆ ಸಾರ್ ಎಂದು ಕೇಳಿದ್ದು ಹೆಡ್‌ಮಾಸ್ಟರು. ಶುಕ್ರವಾರ ಸಂಜೆ ಭೂಪತಿ ಅದನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡ.

ಭಾನುವಾರ ಮುನುಸ್ವಾಮಿಯನ್ನು ಆಸ್ಪತ್ರೆಗೆ ಸೇರಿಸಿದರು. ಆಟೋ ಹತ್ತುವ ಮುಂಚೆ ಅವನು ಶರಣ್ಯಳನ್ನು ಕರೆದು, ಗದರಿಸುವ ದನಿಯಲ್ಲಿ ಹೇಳಿದ: "ಕಣ್ಣಿಗೆ ಒತ್ತಿಕೊಳ್ದೆ ಎತ್ತಬೇಡ. ಚೌಡಮ್ಮನ ಮೇಲೆ ಆಣೆ."

"ಸರಿ ಮಾಮ."

"ಸರಿ ಅಂದ್ರೆ ಸಾಲ್ದು. ಪ್ರತಿಸಲ ಒತ್ಕೋಬೇಕು. ಆ ಮೇಷ್ಟ್ರು ಬ್ಯಾಡ ಅಂದ್ರೂವೆ."

ಭೂಪತಿ ಅತ್ತ ತಿರುಗಿ ಚೀಲ ಎತ್ತಿಟ್ಟ. ಕಾಲ್ಬೆರಳು ಕಳೆದುಕೊಳ್ಳಲು ಹೊರಟವನೊಂದಿಗೆ ದೇವರ ವಿಷಯ ವಾದಿಸುವುದು ಸಲ್ಲದು.

ಸೋಮವಾರ ಬೆಳಿಗ್ಗೆ ಬೋರು ಕೈಕೊಟ್ಟಿತ್ತು. ಧನಶೇಖರ್ ಓಡಾಡಿ ಟ್ಯಾಂಕರ್ ತರಿಸಿದ. ಯಾವ ಊರಿನ ನೀರೆಂದು ಡ್ರೈವರಿಗೂ ತಿಳಿದಿರಲಿಲ್ಲ. ಅಳೆಯಲು ಸಮಯವಿರಲಿಲ್ಲ. ಸೋಪು ಹಾಕಿದರೆ ನೊರೆ ಏಳುವ ಬದಲು ಮೊಸರೊಡೆದಂತೆ ಬಿಳಿ ಕೆನೆ ಕಟ್ಟಿತು. ಭೂಪತಿಯ ಹಾಳೆಯಲ್ಲಿ ಇಂಥ ನೀರಿಗೆ ಸಾಲೇ ಇರಲಿಲ್ಲ.

ಎಂಟೂವರೆಗೆ ಶರಣ್ಯ ಲಡಿಗಳನ್ನು ಕೋಲಿಗೆ ಏರಿಸಿ ಇಳಿಬಿಟ್ಟಳು. ಮುತ್ತುಸ್ವಾಮಿ ಕುರ್ಚಿಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದ. ನಲವತ್ತನೇ ನಿಮಿಷಕ್ಕೆ ಭೂಪತಿ ಕೆಮ್ಮಿದ. ನಲವತ್ತೈದಕ್ಕೆ ಹತ್ತಿರ ಬಂದು ಪಿಸುಗುಟ್ಟಿದ: "ತೊಂಬತ್ತೈದು ಡಿಗ್ರಿ ಐತೆ. ಈ ಶಾಖಕ್ಕೆ ನಲವತ್ತೆಂಟು ಮೀರಿಲ್ಲ ಯಾವತ್ತೂ."

ಶರಣ್ಯ ಲಡಿಯ ತುದಿ ಎಳೆದು, ತಣ್ಣೀರಿಗೆ ಅದ್ದಿ, ಹಿಂಡಿ, ಬೆರಳಲ್ಲಿ ಉಜ್ಜಿದಳು. ಆಮೇಲೆ ಕಣ್ಣು ಮುಚ್ಚಿ ರೆಪ್ಪೆಗಳಿಗೆ ಒತ್ತಿಕೊಂಡಳು.

"ಇನ್ನೂ ಇಲ್ಲ, ಬಾವ."

"ಯಾಕೆ?"

"ತೆರಿಯಲೈ. ಗೊತ್ತಿಲ್ಲ."

ಐವತ್ತೆರಡು. ಅವನು ಜೇಬಿಗೆ ಕೈಹಾಕಿದ. ಗುರುವಾರದ ಜೂಲು ಬೆರಳಿಗೆ ತಾಕಿತು. ಆ ದಿನ ತಾನು ಎತ್ತಿದ್ದು ಇದಕ್ಕಿಂತ ಮೊದಲೇ. "ಶರಣ್ಯ, ಕೆಟ್ಟೋಯ್ತದೆ. ಎತ್ತು."

"ಸುಮ್ಕಿರಿ ಬಾವ, ಪ್ಲೀಸ್. ನೀವು ಮಾತಾಡಿದ್ರೆ ನಂಗೆ ಗಮನ ತಪ್ತದೆ."

"ಏನಮ್ಮ, ಮೇಷ್ಟ್ರೂ ಸ್ಟೂಡೆಂಟೂ ಜಗಳವಾ?" ಎಂದ ಮುತ್ತುಸ್ವಾಮಿ, ಕುರ್ಚಿಯಿಂದ ಏಳದೆಯೇ.

ಐವತ್ತೆಂಟು. ಮತ್ತೆ ಎಳೆದಳು, ಅದ್ದಿದಳು, ಒತ್ತಿಕೊಂಡಳು. ತಲೆಯಾಡಿಸಿದಳು. ಅರವತ್ತೆರಡು. ಭೂಪತಿ ಗಡಿಯಾರವನ್ನು ಕವುಚಿ ಇಟ್ಟ; ನೋಡಲಾಗಲಿಲ್ಲ. ಅವಳೇ ಈ ಒಲೆಯನ್ನು ಕೊಲ್ಲುತ್ತಿದ್ದಾಳೆ, ಒಂದು ಆಣೆಗೆ ಕಟ್ಟುಬಿದ್ದು, ಎಂದು ಅವನಿಗೆ ಅನ್ನಿಸಿತು. ಕೋಲನ್ನು ಕಸಿದು ತಾನೇ ಎತ್ತಿಬಿಡಲೇ ಎಂದು ಒಂದು ಹೆಜ್ಜೆ ಮುಂದಿಟ್ಟ.

ಆಗ ಶರಣ್ಯ ಲಡಿಯನ್ನು ಕಣ್ಣಿಗೆ ಒತ್ತಿಕೊಂಡು ಹಾಗೇ ನಿಂತುಬಿಟ್ಟಳು. ಕಣ್ಣು ತೆರೆದು, "ಆಯ್ತು," ಎಂದಳು. "ಧನಾ, ಆ ಕಡೆ ಕೋಲು ಇಡ್ಕೋ. ಬೇಗ."

ತೊಳೆದು, ಹಿಂಡಿ, ಬಿಸಿಲಿಗೆ ಹಾಕಿದರು. ಒಣಗುವ ಎರಡು ಗಂಟೆ ಯಾರೂ ಊಟಕ್ಕೆ ಏಳಲಿಲ್ಲ. ಶರಣ್ಯ ಒಗೆಯುವ ಕಲ್ಲಿನ ಮೇಲೆ ಹೋಗಿ ಕೂತಿದ್ದಳು. ಅವಳನ್ನೂ ಯಾರೂ ಮಾತಾಡಿಸಲಿಲ್ಲ. ಮುತ್ತುಸ್ವಾಮಿ ಬಂದು ಎಳೆಯೊಂದನ್ನು ಎಳೆದು ನೋಡಿದ, ಬೆಳಕಿಗೆ ಹಿಡಿದ, ಇನ್ನೊಂದು ಲಡಿಯ ನಡುವಿನಿಂದ ಮತ್ತೊಂದು ತೆಗೆದು ಹಲ್ಲಿನ ನಡುವೆ ಕಚ್ಚಿದ. ಆಮೇಲೆ ತೂಗಿಸಿದ. ನಾಲ್ಕರಲ್ಲಿ ಒಂದು ಪಾಲಿಗೆ ಕೂದಲೆಳೆಯಷ್ಟು ಕಡಿಮೆ.

"ಮುನುಸ್ವಾಮಿ ಅಣ್ಣನ ಕೈಯೇ ಬಂದೈತೆ," ಎಂದ. "ಆವಣಿ ಮುಗಿದ ಮೇಲೆ ಐಪ್ಪಸಿ ತಿಂಗಳ ದೀಪಾವಳಿ ನೂಲೂ ಇಲ್ಲಿಗೇ ಕಳಿಸ್ತೀನಿ."

ಆಸ್ಪತ್ರೆಗೆ ಫೋನ್ ಮಾಡಿದಾಗ ಮುನುಸ್ವಾಮಿ ಸೆಕ್ರೆಟರಿ ಏನೆಂದನೆಂದು ಕೇಳಲಿಲ್ಲ. "ಕಣ್ಣಿಗೆ ಒತ್ಕೊಂಡ್ಯಾ?" ಎಂದ.

"ನಾಲ್ಕು ಸಲ, ಮಾಮ."

"ಅಷ್ಟು ಸಾಕು."

ಭೂಪತಿ ಆ ಸಂಜೆ ನೋಟ್‌ಬುಕ್ ತೆರೆದ. ಒಂದು ಸಲ ಸರಿ ಬಂದದ್ದು ಸಾಕ್ಷಿಯಲ್ಲ, ಅದೃಷ್ಟವೂ ಇರಬಹುದು ಎಂದು ಬರೆದ. ಮುಂದಿನ ಐದು ತಿಂಗಳು ಶರಣ್ಯ ಇಪ್ಪತ್ತಮೂರು ಅಂಡೆ ಬೇಯಿಸಿದಳು, ಒಂದೂ ಕೆಡಲಿಲ್ಲ. ಆ ಸಾಲನ್ನು ಅವನು ಹೊಡೆದುಹಾಕಿದ. ಅವಳು ಅಳೆಯುವುದು ಬೆರಳಲ್ಲೇ ಇರಬೇಕು, ಭಕ್ತಿ ಅವಳ ಗಮನವನ್ನು ಒಂದೆಡೆ ನಿಲ್ಲಿಸುತ್ತದೆ ಎಂದು ಬರೆದ. ಅದರ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ. ಮೊದಲ ಪುಟದ ನಾಲ್ಕು ಬೆರಳು ಜಾಗಕ್ಕೆ ಅದನ್ನು ಸಾಗಿಸುವ ಧೈರ್ಯವಾಗಲಿಲ್ಲ.

ಮುನುಸ್ವಾಮಿ ಸಂಕ್ರಾಂತಿಯ ತೈ ತಿಂಗಳಲ್ಲಿ ತೀರಿಕೊಂಡ. ಕಾಲಿನ ಗಾಯ ಮಾಯಲೇ ಇಲ್ಲ. ಹದಿನಾರನೇ ದಿನದ ಕರ್ಮ ಕಳೆದ ಮೇಲೆ ಮರಣ ಪ್ರಮಾಣಪತ್ರಕ್ಕೆ ಬೇಕಾದ ಕಾಗದಗಳನ್ನು ಹುಡುಕಲು ಕಾಳಿಯಮ್ಮ ಒಂದು ಹಳೆಯ ಪ್ಲಾಸ್ಟಿಕ್ ಚೀಲವನ್ನು ಭೂಪತಿಯ ಮುಂದಿಟ್ಟಳು. "ಇಂಗ್ಲೀಷಲ್ಲಿ ಐತೆ, ನೀನೇ ನೋಡಪ್ಪ. ಯಾವುದನ್ನೂ ಯಾರಿಗೂ ತೋರಿಸ್ತಿರಲಿಲ್ಲ."

ಆಸ್ಪತ್ರೆಯ ಚೀಟಿಗಳು, ರಕ್ತದ ವರದಿಗಳು, ಔಷಧಿಯ ಪಟ್ಟಿಗಳು. ಚೀಲದ ತಳದಲ್ಲಿ ಎಂಟು ವರ್ಷ ಹಿಂದಿನ ಒಂದು ಹಾಳೆಯಿತ್ತು, ನರರೋಗ ವಿಭಾಗದ್ದು, ಆತುರದ ಕೈಬರಹದ್ದು. ಭೂಪತಿ ಅದನ್ನು ಒಂದು ಸಲ ಓದಿ, ಕನ್ನಡಕ ಒರೆಸಿಕೊಂಡು, ಮತ್ತೊಂದು ಸಲ ಓದಿದ. ಸಕ್ಕರೆ ಕಾಯಿಲೆಯಿಂದ ನರಗಳಿಗೆ ಹಾನಿ. ಎರಡೂ ಕೈಗಳ ಹತ್ತೂ ಬೆರಳ ತುದಿಗಳಲ್ಲಿ ಸ್ಪರ್ಶವಿಲ್ಲ, ಬಿಸಿ ತಣುಪು ತಿಳಿಯುವುದಿಲ್ಲ. ಕೆಲಸ ಬಿಡಲು ಸಲಹೆ ನೀಡಲಾಗಿದೆ. ಅದರ ಕೆಳಗೆ ಇನ್ನೂ ಕೆಲವು ಸಾಲು. ರೋಗಿ ಕೆಲಸ ಬಿಡಲು ಒಪ್ಪುವುದಿಲ್ಲ. ಬೆರಳಿಗೆ ತಿಳಿಯದ್ದು ಕಣ್ಣಿನ ರೆಪ್ಪೆಗೆ ತಿಳಿಯುತ್ತದೆಂದೂ, ರೇಷ್ಮೆ ಬೆಂದಿದೆಯೇ ಎಂದು ಅಲ್ಲಿ ಒತ್ತಿ ನೋಡುವುದನ್ನು ಮೂರು ತಿಂಗಳಿಂದ ಕಲಿಯುತ್ತಿದ್ದೇನೆಂದೂ ಹೇಳುತ್ತಾರೆ. ಇದನ್ನು ಮನೆಯವರಿಗಾಗಲಿ ಸೊಸೈಟಿಗಾಗಲಿ ತಿಳಿಸಬಾರದೆಂದು ಕೋರಿದ್ದಾರೆ.